ರಾಜಕುಮಾರ ಪೆದ್ದನಾ?

ಪ್ರಶ್ನೆ: ನನಗೆ ಹತ್ತು ವರ್ಷದ ಮಗಳು, ಐದೂವರೆ ವರ್ಷದ ಮಗ. ಮೊನ್ನೆ ಎಲ್ಲರೂ ಒಟ್ಟಿಗೆ ಕೂತು ‘ಎನ್‌ಚಾಂಟೆಡ್’ ಸಿನಿಮಾ ನೋಡಿದೆವು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗ ಮಾತ್ರ ಅರ್ಧಕ್ಕೇ ಮುಖ ಸಪ್ಪೆ ಮಾಡಿಕೊಂಡು, “ಅಮ್ಮಾ, ರಾಜಕುಮಾರ ಪೆದ್ದನಾ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕಿನ್ನರಕಥೆಗಳನ್ನು ಹೀಗೆ ಅಣಕಿಸುವ ಸಿನಿಮಾ ತೋರಿಸಿದರೆ ಆ ಕಥೆಗಳ ಮೇಲೆ ಮಕ್ಕಳಿಗಿರುವ ನಂಬಿಕೆ ಹೋಗಿಬಿಡುವುದಿಲ್ಲವೇ? ಮೊದಲೇ ಮೂಲ ಕಥೆ ಹೇಳಿರಬೇಕಿತ್ತೇ? ಹೇಳುವುದಾದರೆ ಯಾವುದು?

ಉತ್ತರ: ನಿಮ್ಮ ಪ್ರಶ್ನೆಗಿಂತ ಮೊದಲು ಮಗನ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ. ರಾಜಕುಮಾರ ಎಡ್ವರ್ಡ್ ಪೆದ್ದನಲ್ಲ. ಬೇರೆ ಲೋಕದಿಂದ ಬಂದವನು. ಏನು ಮಾಡಿದರೆ ಅವನ ಲೋಕದಲ್ಲಿ ಎಲ್ಲರೂ ಶಹಬ್ಬಾಸ್ ಅನ್ನುತ್ತಿದ್ದರೋ ಅದನ್ನೇ ಇಲ್ಲೂ ಮಾಡುತ್ತಾನೆ. ಇಲ್ಲಿಯವರು ಕಕ್ಕಾಬಿಕ್ಕಿಯಾಗಿ ನೋಡುತ್ತಾರೆ. ಮಗನಿಗೆ ಇಷ್ಟು ಹೇಳಿದರೆ ಸಾಕು. ಶಾಲೆಗೆ ಹೋದ ಮೊದಲ ದಿನ ಅವನಿಗೆ ಏನನಿಸಿತ್ತು ಎಂದು ನೆನಪಿಸಿದರೆ ಇನ್ನೂ ಬೇಗ ತಿಳಿಯುತ್ತದೆ. ಆದರೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ. ಎಡ್ವರ್ಡ್‌ನ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮಗ ಸಪ್ಪೆಯಾದನೆಂದು ನೀವು ಕಂಗೆಡಬೇಕಿಲ್ಲ. ಆಡಿದ ಮಾತು ಒಂದು, ಅದರೊಳಗಿನ ಅರ್ಥ ಇನ್ನೊಂದು ಎಂಬುದು ಮಕ್ಕಳಿಗೆ ಹೊಳೆಯತೊಡಗುವುದೇ ಹೆಚ್ಚುಕಡಿಮೆ ಆರು ವರ್ಷದ ಆಸುಪಾಸಿನಲ್ಲಿ. ಅದು ಚೆನ್ನಾಗಿ ಕೈವಶವಾಗಲು ಮುಂದೆ ಇನ್ನೂ ಹಲವು ವರ್ಷ ಹಿಡಿಯುತ್ತದೆ. ನಿಮ್ಮ ಮಗಳು ಆ ಹೊಳೆ ದಾಟಿದ್ದಾಳೆ, ಮಗ ಇನ್ನೂ ಈಚೆ ದಡದಲ್ಲಿದ್ದಾನೆ. ಅಕ್ಕಪಕ್ಕದಲ್ಲೇ ಕೂತು ಇಬ್ಬರೂ ಬೇರೆ ಬೇರೆ ಸಿನಿಮಾ ನೋಡಿದ್ದಾರೆ. ಅವಳು ನೋಡಿದ್ದು ಕಿನ್ನರಕಥೆಯ ಅಣಕವನ್ನು, ಅವನು ನೋಡಿದ್ದು ಕಿನ್ನರಕಥೆಯನ್ನೇ. ಅವನು ಕಥೆಗೆ ಮನಸ್ಸು ಕೊಟ್ಟಿದ್ದಾನೆ, ಅದಕ್ಕೇ ನೊಂದುಕೊಂಡಿದ್ದಾನೆ. ಮಕ್ಕಳ ಕಥೆಗಳನ್ನೂ ಮಕ್ಕಳ ಸಿನಿಮಾಗಳನ್ನೂ ಬಹಳ ಕಾಲ ಪಾಠ ಮಾಡಿರುವ ನನಗೆ, ನಗದೆ ಕೂತ ಮಗುವಿನ ಬಗ್ಗೆ ಚಿಂತೆಯಾಗುವುದಿಲ್ಲ. ಸಿನಿಮಾ ಅವನನ್ನು ಹೇಗೆ ನಡೆಸಿಕೊಂಡಿತು ಎಂದಷ್ಟೇ ನೋಡುತ್ತೇನೆ. ಈ ಸಿನಿಮಾ ಚೆನ್ನಾಗಿ ನಡೆಸಿಕೊಳ್ಳುತ್ತದೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2007ರ ನವೆಂಬರ್‌ನಲ್ಲಿ ಬಂದ ಡಿಸ್ನಿ ಚಿತ್ರವಿದು. ನಿರ್ದೇಶಕ ಕೆವಿನ್ ಲಿಮಾ. ಶುರುವಾಗುವುದು ಆಂಡಲೇಸಿಯಾ ಎಂಬ ಲೋಕದಲ್ಲಿ, ಕೈಯಿಂದ ಬರೆದ ಕಾರ್ಟೂನ್ ರೂಪದಲ್ಲಿ. ಜಿಸೆಲ್ ಎಂಬ ಹುಡುಗಿ ರಾಜಕುಮಾರ ಎಡ್ವರ್ಡ್‌ನನ್ನು ಕಂಡ ಮರುದಿನವೇ ಮದುವೆಗೆ ಹೊರಡುತ್ತಾಳೆ. ಸೊಸೆ ಬಂದರೆ ಸಿಂಹಾಸನ ಕೈತಪ್ಪೀತೆಂದು ಅವನ ಮಲತಾಯಿ, ರಾಣಿ ನರೀಸಾ, ಹುಡುಗಿಯನ್ನು ಬಾವಿಗೆ ತಳ್ಳುತ್ತಾಳೆ. ಜಿಸೆಲ್ ಮೇಲೇಳುವುದು ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನ ಮ್ಯಾನ್‌ಹೋಲ್‌ನಿಂದ, ರಕ್ತಮಾಂಸದ ಹೆಣ್ಣಾಗಿ. ಕಾರ್ಟೂನ್ ಭಾಗದಲ್ಲಿ ಸಣ್ಣದಾಗಿದ್ದ ಚಿತ್ರದ ಚೌಕಟ್ಟು ಅವಳು ಈ ಲೋಕಕ್ಕೆ ಬಂದಾಗ ಅಗಲವಾಗುತ್ತದೆ. ಮುಂದಿನ ಸಲ ನೋಡುವಾಗ ಮಗಳಿಗೆ ತೋರಿಸಿ. ಜಿಸೆಲ್‌ಗೆ ಆಸರೆ ಕೊಡುವವನು ರಾಬರ್ಟ್ ಎಂಬ ವಕೀಲ. ಮಾರ್ಗನ್ ಎಂಬ ಪುಟ್ಟ ಮಗಳನ್ನು ಒಬ್ಬನೇ ಸಾಕುತ್ತಿರುವವನು. ಅವನ ಕೆಲಸ ವಿಚ್ಛೇದನ ಕೊಡಿಸುವುದು. ಜಿಸೆಲ್‌ಳನ್ನು ಹುಡುಕಿಕೊಂಡು ಎಡ್ವರ್ಡ್ ಬರುತ್ತಾನೆ, ಅವನ ಹಿಂದೆ ರಾಣಿಯ ಬಂಟ, ಕೊನೆಗೆ ರಾಣಿಯೇ.

ಈಗ ನಿಮ್ಮ ದೊಡ್ಡ ಆತಂಕ: ಅಣಕದಿಂದ ಕಥೆ ಹಾಳಾಗುತ್ತದೆಯೇ? ಅಣಕ ಬೀಳುತ್ತಿರುವುದು ಯಾವುದರ ಮೇಲೆ ಎಂದು ಮೊದಲು ನೋಡಬೇಕು. ಈ ಚಿತ್ರದಲ್ಲಿ ಮತ್ತೆ ಮತ್ತೆ ಬರುವ ಮಾತು ನಿಜಪ್ರೇಮದ ಮುತ್ತು. ಹಳೆಯ ಕಥೆಗಳಲ್ಲಿ ಅದು ನಾವಂದುಕೊಂಡಷ್ಟು ಇಲ್ಲ. ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ ಬಂದದ್ದು 1812ರಲ್ಲಿ, ಅವರು ತಿದ್ದಿದ ಕೊನೆಯ ಆವೃತ್ತಿ 1857ರಲ್ಲಿ. ಅದರ ಸ್ನೋ ವೈಟ್ ಮುತ್ತಿನಿಂದ ಏಳುವುದಿಲ್ಲ. ಗಾಜಿನ ಪೆಟ್ಟಿಗೆ ಹೊತ್ತವರು ಎಡವುತ್ತಾರೆ, ಕುಲುಕಿದ ರಭಸಕ್ಕೆ ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಗೆ ಬೀಳುತ್ತದೆ, ಅವಳು ಕಣ್ಣು ಬಿಡುತ್ತಾಳೆ. ಕಪ್ಪೆರಾಯನ ಕಥೆಯಲ್ಲೂ ಮುತ್ತಿಲ್ಲ; ರಾಜಕುಮಾರಿ ಸಿಟ್ಟಿನಿಂದ ಕಪ್ಪೆಯನ್ನು ಗೋಡೆಗೆ ಬೀಸಿ ಒಗೆಯುತ್ತಾಳೆ, ಆಗ ಅದು ರಾಜಕುಮಾರನಾಗುತ್ತದೆ. ನೂರು ವರ್ಷ ಮಲಗಿದ ರಾಜಕುಮಾರಿಗೆ ಮಾತ್ರ ಗ್ರಿಮ್‌ರು ಮುತ್ತು ಕೊಡಿಸಿದ್ದಾರೆ. ಸ್ನೋ ವೈಟ್‌ಗೆ ಮುತ್ತು ತಂದು ಜಗತ್ತಿನ ಮಕ್ಕಳೆಲ್ಲರ ನೆನಪಿನಲ್ಲಿ ಕೂರಿಸಿದ್ದು 1937ರ ಡಿಸ್ನಿ ಚಿತ್ರ. 1959ರ ‘ಸ್ಲೀಪಿಂಗ್ ಬ್ಯೂಟಿ’ ಅದನ್ನು ಗಟ್ಟಿ ಮಾಡಿತು.

ಹಾಗಾಗಿ ‘ಎನ್‌ಚಾಂಟೆಡ್’ ನಗುತ್ತಿರುವುದು ಇನ್ನೂರು, ಮುನ್ನೂರು ವರ್ಷದ ಕಥೆಗಳನ್ನು ನೋಡಿ ಅಲ್ಲ. ಅವುಗಳ ಮೇಲೆ ಸಿನಿಮಾ ಬಳಿದ ಸಕ್ಕರೆ ಪಾಕವನ್ನು ನೋಡಿ. ಕಂಡ ತಕ್ಷಣ ಪ್ರೇಮ, ಮರುದಿನ ಮದುವೆ, ಆಮೇಲೆ ಮಾತೇ ಬೇಡದಷ್ಟು ಸುಖ ಎಂಬ ರೂಢಿಯನ್ನು ನೋಡಿ. ಕಥೆಯ ತಿರುಳು ಬೇರೆ. ಯಾರೂ ದಿಕ್ಕಿಲ್ಲದ ಮಗು ಕಾಡಿನ ಆಚೆ ದಾಟಬಲ್ಲದು, ದಾರಿಯಲ್ಲಿ ಸಿಕ್ಕ ಸಣ್ಣವರಿಗೆ ತೋರಿದ ಕರುಣೆ ಕೊನೆಗೆ ಕಾಯುತ್ತದೆ. ಆ ತಿರುಳಿನ ಮೇಲೆ ಈ ಚಿತ್ರ ಕೈ ಇಟ್ಟೇ ಇಲ್ಲ.

ನನಗೆ ಬಹಳ ಪ್ರಿಯವಾದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಕಿನ್ನರಕಥೆಯನ್ನು ಪ್ರೀತಿಯಿಂದ ಕಾಲೆಳೆಯುವುದು ಸಿನಿಮಾದವರು ಕಂಡುಹಿಡಿದದ್ದಲ್ಲ. ಅದು ಕಿನ್ನರಕಥೆಯ ಜೊತೆಯಲ್ಲೇ ಹುಟ್ಟಿದೆ. 1697ರಲ್ಲಿ ಫ್ರಾನ್ಸ್‌ನ ಶಾರ್ಲ್ ಪೆರೋ ಈ ಕಥೆಗಳನ್ನು ಅಚ್ಚು ಹಾಕಿಸಿದ. ಅವನ ಕಥೆಯಲ್ಲಿ ರಾಜಕುಮಾರಿ ನೂರು ವರ್ಷದ ನಿದ್ದೆಯಿಂದ ಏಳುತ್ತಾಳೆ, ರಾಜಕುಮಾರ ಅವಳನ್ನು ಕೈಹಿಡಿದು ಎಬ್ಬಿಸುತ್ತಾನೆ. ಅವಳ ಉಡುಪು ಅವನ ಅಜ್ಜಿಯ ಕಾಲದ್ದು, ಎತ್ತರದ ಕಾಲರ್ ಬೇರೆ. ಆದರೆ ಅದನ್ನು ಅವಳಿಗೆ ಹೇಳದಷ್ಟು ಜಾಣ್ಮೆ ಅವನಿಗಿದೆ ಎಂದು ಪೆರೋ ಬರೆಯುತ್ತಾನೆ. ಹಾಗೆಂದು ಅವಳ ಚೆಲುವು ಒಂದಿಷ್ಟೂ ಕಡಿಮೆಯಾಗಿರಲಿಲ್ಲ ಎಂದೂ ಸೇರಿಸುತ್ತಾನೆ. ಅರಮನೆಯ ಉಳಿದವರೂ ಏಳುತ್ತಾರೆ. ಅವರೆಲ್ಲ ಪ್ರೇಮದಲ್ಲಿ ಬಿದ್ದವರಲ್ಲವಾದ್ದರಿಂದ ಹಸಿವಿನಿಂದ ಸಾಯುತ್ತಿದ್ದರಂತೆ! ಊಟದ ಹೊತ್ತಿಗೆ ವಾದ್ಯದವರು ನುಡಿಸಿದ್ದು ನೂರು ವರ್ಷದಿಂದ ಯಾರೂ ಕೇಳದ ಹಳೆಯ ರಾಗಗಳನ್ನು. ಇದನ್ನು ಓದಿ ನಕ್ಕವರಾರೂ ಆ ಕಥೆಯನ್ನು ಬಿಟ್ಟುಬಿಡಲಿಲ್ಲ. ಹಳೆಯ ಉಡುಪಿನ ಹುಡುಗಿ ಹೊಸ ಕಾಲದಲ್ಲಿ ಕಣ್ಣು ಬಿಟ್ಟರೆ ಏನಾದೀತು? ‘ಎನ್‌ಚಾಂಟೆಡ್’ ಮಾಡಿದ್ದು ಈ ಒಂದು ಹೊಳಹನ್ನು ಒಂದೂಮುಕ್ಕಾಲು ಗಂಟೆಗೆ ಹಿಗ್ಗಿಸಿದ್ದಷ್ಟೇ.

ಇನ್ನೊಂದು ಮಾತು. ಮನೆಯವರು ಮಾಡುವ ತಮಾಷೆಗೂ ಹೊರಗಿನವರು ಮಾಡುವ ಲೇವಡಿಗೂ ವ್ಯತ್ಯಾಸ ಇದೆಯಲ್ಲ, ಅದನ್ನು ಈ ಚಿತ್ರದ ತಂಡದಲ್ಲೇ ನೋಡಬಹುದು. ಹಾಡುಗಳಿಗೆ ರಾಗ ಹಾಕಿದವರು ಅಲನ್ ಮೆಂಕೆನ್. 1989ರ ‘ದಿ ಲಿಟಲ್ ಮರ್ಮೇಡ್’, 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರಗಳ ಸಂಗೀತವೂ ಅವರದೇ. ಅಂದರೆ ರಾಜಕುಮಾರಿ ಮನಸ್ಸು ತುಂಬಿ ಹಾಡುವ ರೂಢಿಯನ್ನು ಕಟ್ಟಿದವರೇ ಇಲ್ಲಿ ಅದನ್ನು ತಮಾಷೆ ಮಾಡುತ್ತಿದ್ದಾರೆ. ಸಾಹಿತ್ಯ ಬರೆದ ಸ್ಟೀಫನ್ ಷ್ವಾರ್ಟ್ಜ್ 1995ರ ‘ಪೊಕಾಹಾಂಟಸ್’ನಲ್ಲಿ ಅವರ ಜೊತೆಗಾರ. ಮತ್ಸ್ಯಕನ್ಯೆಗೆ ದನಿ ಕೊಟ್ಟಿದ್ದ ಜೋಡಿ ಬೆನ್ಸನ್ ಇಲ್ಲಿ ರಾಬರ್ಟ್‌ನ ಕಚೇರಿಯ ಸಹಾಯಕಿ. ‘ಬ್ಯೂಟಿ ಅಂಡ್ ದ ಬೀಸ್ಟ್’ನ ನಾಯಕಿ ಬೆಲ್‌ಗೆ ದನಿಯಾಗಿದ್ದ ಪೇಜ್ ಓಹಾರಾ ಟಿವಿ ಧಾರಾವಾಹಿಯೊಂದರಲ್ಲಿ ಕಾಣಿಸಿಕೊಳ್ಳುತ್ತಾರೆ. ಕಥೆ ನಿರೂಪಿಸುವ ದನಿ ಡಿಸ್ನಿಯ ‘ಮೇರಿ ಪಾಪಿನ್ಸ್’ ಆಗಿದ್ದ ಜೂಲಿ ಆಂಡ್ರೂಸ್ ಅವರದು. ರಾಬರ್ಟ್‌ನ ವಕೀಲಿ ಸಂಸ್ಥೆಯ ಹೆಸರು ಚರ್ಚಿಲ್, ಹಾರ್ಲೈನ್ ಅಂಡ್ ಸ್ಮಿತ್. 1937ರ ಸ್ನೋ ವೈಟ್‌ಗೆ ಸಂಗೀತ ಕೊಟ್ಟ ಮೂವರ ಹೆಸರುಗಳವು. ಯಾವ ಮಗುವೂ ಇದನ್ನು ಗಮನಿಸುವುದಿಲ್ಲ, ಗಮನಿಸಬೇಕಾಗಿಯೂ ಇಲ್ಲ. ಹಿರಿಯರ ಹೆಸರನ್ನು ಹೀಗೆ ಬಾಗಿಲ ಮೇಲೆ ಬರೆದಿಟ್ಟವರು ಹೀಯಾಳಿಸಲು ಕೂತವರಲ್ಲ.

ತಮಾಷೆ ಹೇಗೆ ನಡೆಯುತ್ತದೆ ಎಂದು ಒಂದು ದೃಶ್ಯ ಬಿಡಿಸಿ ಹೇಳುತ್ತೇನೆ. ಸ್ನೋ ವೈಟ್ ಚಿತ್ರದಲ್ಲಿ ಕುಬ್ಜರ ಕೊಳಕು ಮನೆಯನ್ನು ಜಿಂಕೆ, ಅಳಿಲು, ಹಕ್ಕಿಗಳು ಸೇರಿ ಶುಚಿ ಮಾಡುತ್ತವೆ. ಜಿಸೆಲ್ ಕೂಡ ರಾಬರ್ಟ್‌ನ ಮನೆ ಗಲೀಜಾಗಿರುವುದನ್ನು ನೋಡಿ ಕಿಟಕಿಗೆ ಹೋಗಿ ಇಂಪಾಗಿ ಕರೆಯುತ್ತಾಳೆ. ಮಹಾನಗರದಲ್ಲಿ ಜಿಂಕೆ ಎಲ್ಲಿಂದ ಬರಬೇಕು? ಇಲಿ, ಪಾರಿವಾಳ, ಜಿರಲೆ ಬರುತ್ತವೆ. ಒಂದು ಕ್ಷಣ ಅವಳೂ ಅಳುಕುತ್ತಾಳೆ. ಆಮೇಲೆ, ಹೊಸ ಗೆಳೆಯರಾದರೇನಂತೆ ಎಂದು ಹಾಡಲು ಶುರುಮಾಡಿಬಿಡುತ್ತಾಳೆ. ಇದನ್ನು ಬರೆದವರು ಬೇರೆ ದಾರಿ ಹಿಡಿಯಬಹುದಿತ್ತು. ಜಿರಲೆ ನೋಡಿ ಅವಳು ಕಿರುಚಿ ಓಡಿದ್ದರೆ ನಗು ಅವಳ ಮೇಲೆ ಬೀಳುತ್ತಿತ್ತು. ಓಡುವುದಿಲ್ಲ. ಕೆಲಸ ನಡೆಯುತ್ತದೆ, ಮನೆ ಥಳಥಳ ಹೊಳೆಯುತ್ತದೆ. ಅವಳ ನಂಬಿಕೆ ಗೆದ್ದಿತು, ನಕ್ಕಿದ್ದು ನಾವು ನಗರವನ್ನು ನೋಡಿ. ಇಲಿಯನ್ನೂ ಜಿರಲೆಯನ್ನೂ ಹೇಸದೆ ಜೊತೆಗೆ ಸೇರಿಸಿಕೊಂಡ ಅವಳು ಜಿಂಕೆಗಳ ಜೊತೆ ಹಾಡಿದವಳಿಗಿಂತ ನನಗೆ ಒಂದು ಕೈ ಮೇಲಾಗಿಯೇ ಕಾಣುತ್ತಾಳೆ. ಈ ದೃಶ್ಯಕ್ಕೆ ನಿಮ್ಮ ಮಗ ನಕ್ಕನೇ? ಬಹುಶಃ ನಕ್ಕಿರುತ್ತಾನೆ, ಇಲ್ಲಿ ಯಾರೂ ಸಣ್ಣವರಾಗುವುದಿಲ್ಲ.

ಸೆಂಟ್ರಲ್ ಪಾರ್ಕ್‌ನ ದೊಡ್ಡ ಹಾಡೂ ಹಾಗೆಯೇ. ದಾರಿಹೋಕರೆಲ್ಲ ಸೇರಿ ಹಾಡತೊಡಗುತ್ತಾರೆ. ಈ ಹಾಡು ಇವರಿಗೆಲ್ಲ ಹೇಗೆ ಗೊತ್ತು ಎಂದು ರಾಬರ್ಟ್ ಬೆರಗಾಗುತ್ತಾನೆ. ಸಂಗೀತಪ್ರಧಾನ ಸಿನಿಮಾ ನೋಡುವಾಗ ನಾವೆಲ್ಲರೂ ಒಮ್ಮೆಯಾದರೂ ಕೇಳಿಕೊಂಡ ಪ್ರಶ್ನೆ ಅದು. ಚಿತ್ರ ಅದನ್ನು ಕೇಳಿಯೂ ಕೇಳುತ್ತದೆ, ಹಾಡನ್ನು ನಿಲ್ಲಿಸುವುದೂ ಇಲ್ಲ. 2007ರ ಸಾಲಿನಲ್ಲಿ ಮೂಲ ಗೀತೆಗಳ ವಿಭಾಗಕ್ಕೆ ಈ ಚಿತ್ರದ ಮೂರು ಹಾಡುಗಳು ಆಸ್ಕರ್‌ಗೆ ನಾಮನಿರ್ದೇಶನಗೊಂಡವು, ಈ ಉದ್ಯಾನದ ಹಾಡೂ ಶುಚಿ ಮಾಡುವ ಹಾಡೂ ಅವುಗಳಲ್ಲಿದ್ದವು. ಅಣಕವೆಂದು ಬರೆದ ಹಾಡು ತನ್ನಷ್ಟಕ್ಕೇ ಒಳ್ಳೆಯ ಹಾಡಾಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಬರೆದವರಿಗೇ ಗೊತ್ತು.

ಇಷ್ಟೆಲ್ಲ ನಿಂತಿರುವುದು ಏಮಿ ಆಡಮ್ಸ್ ಅವರ ಅಭಿನಯದ ಮೇಲೆ. ಜಿಸೆಲ್ ಪಾತ್ರ ಮಾಡುವಾಗ ಅವರು ಒಮ್ಮೆಯೂ ಪ್ರೇಕ್ಷಕರ ಕಡೆ ತಿರುಗಿ, ಇದೆಲ್ಲ ತಮಾಷೆಗೆ ಎಂಬಂತೆ ಕಣ್ಣು ಮಿಟುಕಿಸುವುದಿಲ್ಲ. ಅವರು ಹೊತ್ತು ನಡೆದ ಆ ಮದುವೆಯ ಗೌನು ಸುಮಾರು 18 ಕಿಲೋ ತೂಕದ್ದು, ಒಳಗೆ ಲೋಹದ ಬಳೆ. ಅಷ್ಟು ಭಾರ ಹೊತ್ತೂ ಕೈಬೆರಳು ಕಾರ್ಟೂನಿನವರಂತೆ ಹಗುರ. ಉಡುಪಿನ ಕಥೆಯೇ ಒಂದು ಕಥೆ. ರಾಬರ್ಟ್‌ನ ಮನೆಯ ಪರದೆ ಕತ್ತರಿಸಿ ಹೊಲಿದ ಉಡುಪಿನಿಂದ ಮುಂದಕ್ಕೆ ಅವಳ ಬಟ್ಟೆ ದೃಶ್ಯದಿಂದ ದೃಶ್ಯಕ್ಕೆ ಸರಳವಾಗುತ್ತ ಹೋಗುತ್ತದೆ. ಕೊನೆಯ ನೃತ್ಯಕೂಟಕ್ಕೆ ನಗರದವರೆಲ್ಲ ರಾಜರಾಣಿಯರ ವೇಷ ತೊಟ್ಟು ಬರುತ್ತಾರೆ, ನಿಜವಾಗಿ ಕಥೆಯಿಂದ ಬಂದ ಜಿಸೆಲ್ ಮಾತ್ರ ಈ ಕಾಲದ ಉಡುಪಿನಲ್ಲಿ ನೀಳವಾದ ಕೂದಲು ಬಿಟ್ಟುಕೊಂಡು ಬರುತ್ತಾಳೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಅಣಕ ಎಲ್ಲಿ ನಿಂತು ಪ್ರೀತಿ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ನಾನು ತೋರಿಸುವುದು ಒಂದು ಪುಟ್ಟ ದೃಶ್ಯ. ರಾಬರ್ಟ್ ಜೊತೆ ವಾದ ಮಾಡುತ್ತ ಮಾಡುತ್ತ ಜಿಸೆಲ್‌ಗೆ ಸಿಟ್ಟು ಬರುತ್ತದೆ. ಅವಳ ಬದುಕಿನ ಮೊದಲ ಸಿಟ್ಟು. ಬಂದದ್ದು ಸಿಟ್ಟೆಂದು ತಿಳಿದ ಕೂಡಲೇ ಅವಳಿಗೆ ಖುಷಿ ಉಕ್ಕುತ್ತದೆ, ನಗುತ್ತಾಳೆ. ಚಿತ್ರಪಟದ ಹುಡುಗಿಗೆ ಎಂದೂ ಇರದಿದ್ದ ಒಂದು ಭಾವ ಈಗ ಅವಳದಾಯಿತು. ಇತ್ತ ರಾಬರ್ಟ್‌ನಲ್ಲೂ ಅಷ್ಟೇ ಬದಲಾವಣೆ. ಪ್ರೇಮ ಎಂದರೆ ಮುಂದೊಂದು ದಿನ ಬರುವ ದಾವೆ ಎಂದುಕೊಂಡಿದ್ದವನು ನೃತ್ಯದಲ್ಲಿ ಹಾಡಿನ ಸಾಲನ್ನು ಅವಳ ಕಿವಿಯಲ್ಲಿ ಗುನುಗುತ್ತಾನೆ. ಅವನ ಕಚೇರಿಗೆ ಬೇರೆಯಾಗಲು ಬಂದ ಗಂಡಹೆಂಡಿರು ಜಿಸೆಲ್‌ಳ ಮಾತು ಕೇಳಿ ಮತ್ತೆ ಒಂದಾಗುತ್ತಾರೆ. ಕಥೆಯ ಲೋಕ ಈ ಲೋಕದಿಂದ ಸಿಟ್ಟನ್ನೂ ಅನುಮಾನವನ್ನೂ ಕಲಿಯುತ್ತದೆ, ಈ ಲೋಕ ಆ ಲೋಕದಿಂದ ಭರವಸೆಯನ್ನು ಕಲಿಯುತ್ತದೆ. ಮೊದಲು ರಾಬರ್ಟ್‌ನ ಬುದ್ಧಿವಂತಿಕೆಯ ಕಡೆ ನಿಂತಂತೆ ಕಾಣುವ ಚಿತ್ರ ಕೊನೆಗೆ ಅವನಿಗೂ ಜಿಸೆಲ್‌ಗೂ ಸಮನಾಗಿ ಕೊಡುತ್ತದೆ.

ಬೇರೆ ಇಂಥ ಸಿನಿಮಾ ಆಯ್ದುಕೊಳ್ಳುವಾಗ ನಾನು ನೋಡುವುದು ಎರಡೇ. ಒಂದು, ಕೊನೆಯಲ್ಲಿ ಚಿತ್ರಕ್ಕೆ ತಾನು ನಕ್ಕ ಮಾಯೆಯೇ ಬೇಕಾಗುತ್ತದೆಯೇ? ಇಲ್ಲಿ ವಿಷದ ಸೇಬು ತಿಂದು ಬಿದ್ದ ಜಿಸೆಲ್‌ಳನ್ನು ಎಬ್ಬಿಸುವುದು ಆ ಮುತ್ತೇ, ವೈದ್ಯರಲ್ಲ. ಇನ್ನೊಂದು, ತಮಾಷೆ ನಿಂತಿರುವುದು ಕಥೆಯ ಮೇಲೋ, ಆ ವರ್ಷದ ಸುದ್ದಿಯ ಮೇಲೋ? ‘ಶ್ರೆಕ್’ ತೆಗೆದುಕೊಳ್ಳಿ. ಅದು 2001ರದು, ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಿಗೆಂದು ಆಸ್ಕರ್ ಶುರುಮಾಡಿದ ಪ್ರಶಸ್ತಿ ಮೊದಲು ಸಿಕ್ಕಿದ್ದೂ ಅದಕ್ಕೇ. ಶುರುವಿನಲ್ಲೇ ಶ್ರೆಕ್ ಕಥೆಪುಸ್ತಕದ ಹಾಳೆ ಹರಿಯುತ್ತಾನೆ, ಅದೂ ಶೌಚಾಲಯದಲ್ಲಿ. ‘ಎನ್‌ಚಾಂಟೆಡ್’ ಕಥೆಪುಸ್ತಕವನ್ನು ಮೆಲ್ಲಗೆ ತೆರೆದು ತೋರಿಸುತ್ತದೆ. ಎರಡರ ಸ್ವಭಾವ ಅಲ್ಲೇ ಗೊತ್ತಾಗುತ್ತದೆ. ಆದರೂ ಮೊದಲ ಪರೀಕ್ಷೆಯಲ್ಲಿ ಶ್ರೆಕ್ ಕೂಡ ಗೆಲ್ಲುತ್ತಾನೆ, ಅಲ್ಲೂ ಶಾಪ ಮುಗಿಯುವುದು ಮುತ್ತಿನಿಂದಲೇ. ಎರಡನೆಯದರಲ್ಲಿ ಸ್ವಲ್ಪ ಸೋಲುತ್ತಾನೆ. ಆಗಿನ ಟಿವಿ ಕಾರ್ಯಕ್ರಮ, ಆಗಿನ ಹೊಡೆದಾಟದ ಸಿನಿಮಾಗಳ ಮೇಲಿನ ನಗೆ ಇಂದಿನ ಮಕ್ಕಳಿಗೆ ತಾಗುವುದಿಲ್ಲ. ಜಿಂಜರ್‌ಬ್ರೆಡ್ ಗೊಂಬೆಯ ಮೇಲಿನ ನಗೆ ಇಂದಿಗೂ ತಾಗುತ್ತದೆ. ಮಗಳಿಗೆ ತೋರಿಸಿ. ಮಗನಿಗೆ ಎರಡು ವರ್ಷ ತಡೆಯಿರಿ.

ರಾಬ್ ರೈನರ್ ನಿರ್ದೇಶನದ ‘ದಿ ಪ್ರಿನ್ಸೆಸ್ ಬ್ರೈಡ್’ (1987) ಮುಂದೆ ಎಂದಾದರೂ ಇಬ್ಬರ ಜೊತೆಗೂ ನೋಡಬಹುದು. ಜ್ವರದಿಂದ ಮಲಗಿದ ಮೊಮ್ಮಗನಿಗೆ ತಾತ ಪುಸ್ತಕ ಓದಿ ಹೇಳುವಂತೆ ಆ ಕಥೆ ಬರುತ್ತದೆ. ನೀರಿನಲ್ಲಿ ರಾಜಕುಮಾರಿಗೆ ಅಪಾಯ ಬಂದಾಗ ಹುಡುಗ ಹೆದರಿದ್ದನ್ನು ಕಂಡು ತಾತ ಓದು ನಿಲ್ಲಿಸಿ, ಈಗ ಅವಳಿಗೇನೂ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ. ನೀವೂ ಹಾಗೇ ಮಾಡಿ. ‘ಎನ್‌ಚಾಂಟೆಡ್’ನ ಕೊನೆಯಲ್ಲಿ ರಾಣಿ ದೊಡ್ಡ ಡ್ರ್ಯಾಗನ್ ಆಗಿ ಗಗನಚುಂಬಿ ಕಟ್ಟಡ ಹತ್ತುವ ಭಾಗ ಐದು ವರ್ಷದವರಿಗೆ ಜೋರೇ. ಕಥೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಿದರೆ ರಸ ಕೆಡುತ್ತದೆಂಬ ಹೆದರಿಕೆ ಬೇಡ. ಕೇಳಿದ ಕಥೆಯನ್ನೇ ನೂರು ಸಲ ಕೇಳುವ ವಯಸ್ಸು ಅದು.

ಮೂಲ ಕಥೆ ಮೊದಲು ಹೇಳಬೇಕೇ ಎಂದಿರಿ. ಹೌದು, ಆದಷ್ಟು. ನೆಟ್ಟಗಿರುವುದನ್ನು ನೋಡದವನಿಗೆ ಸೊಟ್ಟಗಿರುವುದರಲ್ಲಿ ನಗೆ ಕಾಣುವುದಿಲ್ಲ. ಈ ಚಿತ್ರಕ್ಕೆ ಮೂರೇ ಕಥೆ ಸಾಕು: ಸೇಬು ಮತ್ತು ಮಾರುವೇಷದ ಮುದುಕಿಗಾಗಿ ಸ್ನೋ ವೈಟ್, ನೃತ್ಯಕೂಟ, ನಡುರಾತ್ರಿ ಮತ್ತು ಚಪ್ಪಲಿಗಾಗಿ ಸಿಂಡ್ರೆಲಾ, ನಿದ್ದೆ ಮತ್ತು ಮುತ್ತಿಗಾಗಿ ಮಲಗಿದ ರಾಜಕುಮಾರಿ. ಆದರೆ ಯಾರ ಕಥೆ ಹೇಳುತ್ತೀರಿ ಎಂಬುದು ಮುಖ್ಯ. ಸಿಂಡ್ರೆಲಾ ಹೇಳುವಾಗ ಪೆರೋನದನ್ನು ಹೇಳಿ. ಗಾಜಿನ ಪಾದರಕ್ಷೆ, ಕುಂಬಳಕಾಯಿಯ ಗಾಡಿ ಅವನದೇ, ಕೊನೆಗೆ ಅವಳು ಅಕ್ಕಂದಿರನ್ನು ಕ್ಷಮಿಸುತ್ತಾಳೆ. ಗ್ರಿಮ್‌ರ ಸಿಂಡ್ರೆಲಾದಲ್ಲಿ ಅಕ್ಕಂದಿರು ಚಪ್ಪಲಿಗೆ ಹೊಂದಲೆಂದು ಒಬ್ಬಳು ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ, ಹಕ್ಕಿಗಳು ಬಂದು ಅವರ ಕಣ್ಣು ಕುಕ್ಕುತ್ತವೆ. ಅದು ಮಗಳಿಗೆ, ಇನ್ನೆರಡು ವರ್ಷ ಬಿಟ್ಟು. ಸ್ನೋ ವೈಟ್ ಮಾತ್ರ ಗ್ರಿಮ್‌ರದೇ ಆಗಲಿ. ಅಲ್ಲಿ ರಾಣಿ ಮೂರು ಸಲ ಬರುತ್ತಾಳೆ, ಮೊದಲು ಸೊಂಟದ ದಾರ, ಆಮೇಲೆ ಬಾಚಣಿಗೆ, ಕೊನೆಗೆ ಸೇಬು. ಮೂರು ಸಲವೂ ಬಾಗಿಲು ತೆಗೆಯಬೇಡ ಎಂದು ಮಗ ಕೂಗಿಕೊಳ್ಳುತ್ತಾನೆ, ನೋಡಿ.

ಮಲಗಿದ ರಾಜಕುಮಾರಿಯ ಕಥೆಗೂ ಗ್ರಿಮ್‌ರೇ ಸರಿ. ಪೆರೋನದರಲ್ಲಿ ಮದುವೆಯಾದ ಮೇಲೆ ರಾಕ್ಷಸಿ ಅತ್ತೆಯ ಉದ್ದನೆಯ ಭಾಗವಿದೆ. ಗ್ರಿಮ್‌ರ ಕಥೆಯಲ್ಲಿ ನನಗೆ ಬಲು ಇಷ್ಟವಾದ ಒಂದು ವಿವರ: ಶಾಪ ತಟ್ಟುವ ಹೊತ್ತಿಗೆ ಅಡುಗೆಯವನು ತಪ್ಪು ಮಾಡಿದ ಹುಡುಗನೊಬ್ಬನ ಕೂದಲಿಗೆ ಕೈ ಹಾಕಿರುತ್ತಾನೆ, ಗೋಡೆಯ ಮೇಲೆ ನೊಣಗಳು ಕೂತಿರುತ್ತವೆ. ಎಲ್ಲರೂ ಹಾಗೇ ನಿದ್ದೆ ಹೋಗುತ್ತಾರೆ. ನೂರು ವರ್ಷ ಕಳೆದು ಎದ್ದ ತಕ್ಷಣ ಅಡುಗೆಯವನು ಬಾಕಿ ಇದ್ದ ಏಟು ಕೊಟ್ಟೇಬಿಡುತ್ತಾನೆ! ಇದನ್ನು ಹೇಳಿ, ಮಗ ಬಿದ್ದು ಬಿದ್ದು ನಗುತ್ತಾನೆ. ನಗೆ ಕಥೆಯ ಒಳಗೇ ಇದೆ, ಹೊರಗಿನಿಂದ ಯಾರೋ ತಂದು ಹಾಕಿದ್ದಲ್ಲ ಎಂಬುದು ಅವನಿಗೆ ತಾನಾಗಿ ಗೊತ್ತಾಗುತ್ತದೆ.

ಕಥೆ ಚೆನ್ನಾಗಿ ಬಾಯಿಪಾಠವಾದ ಮೇಲೆ ಒಂದು ಆಟ ಆಡಿ. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ ಇದನ್ನು ಬಹಳ ಮೆಚ್ಚಿ ಬರೆದಿದ್ದಾರೆ: ಬೇಕೆಂದೇ ಕಥೆಯನ್ನು ತಪ್ಪಾಗಿ ಹೇಳುವುದು. ‘ಒಂದಾನೊಂದು ಕಾಲದಲ್ಲಿ ಹಳದಿ ಟೋಪಿಯ ಪುಟ್ಟ ಹುಡುಗಿ ಇದ್ದಳು’ ಎಂದರೆ ಸಾಕು, ‘ಹಳದಿ ಅಲ್ಲ, ಕೆಂಪು!’ ಎಂದು ಮಗು ತಿದ್ದುತ್ತದೆ. ಮೊದಲು ಸಿಟ್ಟಿನಿಂದ ತಿದ್ದುತ್ತದೆ, ಆಮೇಲೆ ನಗುತ್ತ ತಿದ್ದುತ್ತದೆ, ಒಂದು ದಿನ ತಾನೇ ತಪ್ಪಾಗಿ ಹೇಳಲು ಶುರುಮಾಡುತ್ತದೆ. ಆ ದಿನ ಮಗ ಅಕ್ಕನಿರುವ ದಡ ಮುಟ್ಟಿದ ಎಂದು ತಿಳಿಯಿರಿ. ಆತುರ ಬೇಡ. ತಿದ್ದುವಾಗ ಅವನ ಕಣ್ಣಲ್ಲಿ ನೀರು ಬಂದರೆ ಆಟ ನಿಲ್ಲಿಸಿ, ಕಥೆಯನ್ನು ಇದ್ದಂತೆಯೇ ಹೇಳಿ ಮಲಗಿಸಿ.

ಇನ್ನು ಎಡ್ವರ್ಡ್. ಬಸ್ಸನ್ನು ಮೃಗವೆಂದುಕೊಂಡು ಅದರ ಮೇಲೆ ಹತ್ತಿ ಕತ್ತಿ ಚುಚ್ಚುತ್ತಾನೆ, ಟಿವಿಯನ್ನು ಮಾಯಾಕನ್ನಡಿ ಎಂದು ತಿಳಿಯುತ್ತಾನೆ. ನಿಮ್ಮ ಮಗ ಪೆದ್ದನೆಂದುಕೊಂಡದ್ದು ಅಲ್ಲೇ ಇರಬೇಕು. ಆದರೆ ಬಸ್ಸಿನ ಮೇಲೆ ಅವನು ಹತ್ತಿದ್ದು ಒಳಗಿರುವವರನ್ನು ಮೃಗದ ಹೊಟ್ಟೆಯಿಂದ ಬಿಡಿಸಲು. ಗೊತ್ತಿಲ್ಲದ ಊರಿಗೆ ಒಂದು ಕ್ಷಣವೂ ಹಿಂದುಮುಂದು ನೋಡದೆ ಬಂದದ್ದು ಒಬ್ಬಳನ್ನು ಹುಡುಕಲು. ಬಂದ ಮೇಲೆ ಕೊನೆಯಲ್ಲಿ ಏನಾಗುತ್ತದೆ? ಜಿಸೆಲ್ ನೆಲದ ಮೇಲೆ ಬಿದ್ದಿದ್ದಾಳೆ. ಎಡ್ವರ್ಡ್ ಮುತ್ತು ಕೊಡುತ್ತಾನೆ, ಅವಳು ಏಳುವುದಿಲ್ಲ. ನಡುರಾತ್ರಿಯೊಳಗೆ ನಿಜಪ್ರೇಮದ ಮುತ್ತು ಸಿಗದಿದ್ದರೆ ಅವಳು ಮತ್ತೆ ಏಳುವುದೇ ಇಲ್ಲ, ಅದಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ. ತಾನೇ ಅವಳ ನಿಜವಾದ ಪ್ರೇಮಿ ಎಂದು ಇಡೀ ಸಿನಿಮಾ ನಂಬಿಕೊಂಡು ಬಂದವನು, ಅದು ತಾನಲ್ಲ ಎಂದು ತಿಳಿದಾಗ ಕೂಗಾಡುವುದಿಲ್ಲ, ಕತ್ತಿ ಎತ್ತುವುದಿಲ್ಲ. ರಾಬರ್ಟ್‌ನ ಕಡೆ ತಿರುಗಿ, ನೀನು ಕೊಡು ಎನ್ನುತ್ತಾನೆ. ಆಮೇಲೆ, ಜಿಸೆಲ್ ಬಿಟ್ಟುಹೋದ ಪಾದರಕ್ಷೆಯನ್ನು ಎತ್ತಿಕೊಂಡು, ಒಂಟಿಯಾಗಿ ಕೂತ ನ್ಯಾನ್ಸಿಯ, ಅಂದರೆ ರಾಬರ್ಟ್ ಮದುವೆಯಾಗಬೇಕೆಂದಿದ್ದ ಗೆಳತಿಯ, ಕಾಲಿಗೆ ತೊಡಿಸುತ್ತಾನೆ. ಸರಿಯಾಗಿ ಹೊಂದುತ್ತದೆ.

ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಒಂದು ಭಾಗ ಮತ್ತೆ ಹಾಕಿ. ಎಡ್ವರ್ಡ್‌ನ ಮುಖ ನೋಡು ಅನ್ನಿ, ಬೇರೇನೂ ಹೇಳಬೇಡಿ. ಆಮೇಲೆ ಅವನ ಪ್ರಶ್ನೆಯನ್ನು ನೀವು ಅವನಿಗೇ ಕೇಳಿ.